ಎರಡು ಲೈನ್ ಇದ್ದೂ ಸಂಪರ್ಕ ಹೋದರೆ: ಕೊಡಗಿನ ಮಳೆಗಾಲ ತಡೆಯುವ ವ್ಯವಸ್ಥೆ ಕಟ್ಟಿಕೊಳ್ಳುವ ಬಗೆ

ಜುಲೈ–ಆಗಸ್ಟ್‌ನ ಕಕ್ಕಡ ತಿಂಗಳ ಮಳೆ ಹೊಡೆಯುತ್ತಿತ್ತು. ನಾಪೋಕ್ಲು ಕಡೆಯ ಒಂದು ಹೋಂಸ್ಟೇಗೆ ನಾನೇ ಮುಂದೆ ನಿಂತು ಎರಡು ಬೇರೆ ಬೇರೆ ಕಂಪನಿಯ ಫೈಬರ್ ಲೈನ್ ಹಾಕಿಸಿದ್ದೆ. ಒಂದು ಹೋದರೆ ಇನ್ನೊಂದಕ್ಕೆ ತಾನಾಗಿ ಬದಲಾಗುವ ರೌಟರ್ ಕೂಡ ಇಟ್ಟಿದ್ದೆ. ಇನ್ನು ತಲೆಬಿಸಿ ಇಲ್ಲ ಅಂತ ಹೇಳಿ ಬಂದಿದ್ದೆ. ಒಂದು ರಾತ್ರಿ ಸಿಲ್ವರ್ ಓಕ್ ಮರ ಅಡ್ಡ ಬಿತ್ತು. ಎರಡೂ ಲೈನ್ ಒಟ್ಟಿಗೆ ಹೋದವು. ಮರುದಿನ ಹೋಗಿ ನೋಡಿದರೆ, ಎರಡನೇ ಲೈನ್ ಎಳೆದ ಹುಡುಗರು ಮೊದಲನೆಯದರ ಕಂಬಗಳನ್ನೇ ಹಿಡಿದು ಬಂದಿದ್ದರು. ಗೇಟಿನಿಂದ ಮನೆವರೆಗೆ ಎರಡೂ ವೈರು ಅಕ್ಕಪಕ್ಕ, ಒಂದೇ ಕೊಕ್ಕೆಯಲ್ಲಿ.

"ಅಲ್ಲ ಮಾರಾಯ, ತಿಂಗಳಿಗೆ ಎರಡು ಬಿಲ್ ಕಟ್ಟುವುದು ಎರಡೂ ಒಟ್ಟಿಗೆ ಸಾಯಲಿಕ್ಕಾ?" ಅಂತ ಮಾಲೀಕರು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಲೈನ್ ಎಳೆದ ದಿನ ನಾನು ಆ ದಾರಿ ನಡೆದು ನೋಡಿರಲಿಲ್ಲ, ಅಷ್ಟೇ.

ಒಂದು ಕೆಟ್ಟರೂ ಕೆಲಸ ನಿಲ್ಲದ ಹಾಗೆ ಇನ್ನೊಂದನ್ನು ತಯಾರಿಡುವುದಕ್ಕೆ ಟೆಲಿಕಾಂನವರು ರಿಡಂಡನ್ಸಿ ಅನ್ನುತ್ತಾರೆ. ಎರಡು ಇಡುವುದು ದುಡ್ಡಿನ ಮಾತು. ಎರಡೂ ಒಂದೇ ಕಾರಣಕ್ಕೆ ಹೋಗದ ಹಾಗೆ ಇಡುವುದು ಯೋಚನೆಯ ಮಾತು. ತೋಟದ ಮನೆ, ಹೋಂಸ್ಟೇ, ಸಣ್ಣ ಆಫೀಸು, ಸೊಸೈಟಿ ಯಾವುದಕ್ಕಾದರೂ ಇದನ್ನು ಹೇಗೆ ಮಾಡುವುದು ಅಂತ, ನಾನು ಮಾಡುವ ಕ್ರಮದಲ್ಲೇ ಬರೆಯುತ್ತೇನೆ.

ಮೊದಲು ಒಂದು ಹಾಳೆ, ಒಂದು ಪೆನ್ನು, ಒಂದು ಕೊಡೆ

ಹಾಳೆಯ ಎಡಗಡೆ ನಿಮ್ಮ ಕೈಯ ಫೋನ್ ಬರೆಯಿರಿ. ಅಲ್ಲಿಂದ ಒಂದೊಂದೇ ಕೆಳಗೆ ಬನ್ನಿ: ವೈಫೈ ರೌಟರ್, ಫೈಬರ್ ಮೋಡೆಮ್, ಅವುಗಳ ಅಡಾಪ್ಟರ್, ಇನ್ವರ್ಟರ್, ಮನೆ ಗೋಡೆಯಿಂದ ಮೊದಲ ಕಂಬ, ಕಂಬಗಳ ಸಾಲು, ರಸ್ತೆ ಬದಿಯ ಡಬ್ಬ, ಪಟ್ಟಣಕ್ಕೆ ಹೋಗುವ ದೊಡ್ಡ ಕೇಬಲ್. ಪ್ರತಿಯೊಂದರ ಎದುರು, ಅದು ಯಾವುದರಿಂದ ಹೋಗಬಹುದು ಅಂತ ಬರೆಯಿರಿ. ಮರ, ಕರೆಂಟ್, ಸಿಡಿಲು, ನೀರು, ಇಲಿ, ಜೆಸಿಬಿ, ಬರೆ (ಕಡಿದಾದ ಮಣ್ಣಿನ ದಿಣ್ಣೆ) ಜಾರುವುದು. ಬಲಗಡೆ ಎರಡನೇ ದಾರಿಗೂ ಇದನ್ನೇ ಮಾಡಿ. ಆಮೇಲೆ ಎರಡೂ ಕಡೆ ಬಂದಿರುವ ಶಬ್ದಗಳಿಗೆ ಸುತ್ತು ಹಾಕಿ. ನೀವು ಸರಿಮಾಡಬೇಕಾದದ್ದು ಆ ಸುತ್ತುಗಳನ್ನು. ಉಳಿದದ್ದು ಆಮೇಲೆ ನೋಡಿಕೊಳ್ಳಬಹುದು.

ಕೊಡೆ ಯಾಕೆ ಅಂದರೆ, ಈ ಹಾಳೆಯನ್ನು ಕುರ್ಚಿಯಲ್ಲಿ ಕೂತು ತುಂಬಿಸಲು ಆಗುವುದಿಲ್ಲ. ಲೈನ್ ಹೋಗುವ ದಾರಿ ನಡೆಯಬೇಕು. ಎಲ್ಲಿ ಮರಕ್ಕೆ ತಾಗಿದೆ, ಎಲ್ಲಿ ಮೋರಿ ದಾಟುತ್ತದೆ, ಎಲ್ಲಿ ಬರೆಯ ಅಂಚಿನಲ್ಲೇ ಹೋಗುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡವೇ ಜಾರಿತ್ತು, ಮಡಿಕೇರಿ–ಮಂಗಳೂರು ರಸ್ತೆ ಬಂದ್ ಆಗಿತ್ತು. ರಸ್ತೆ ಹೋದರೆ ರಸ್ತೆ ಬದಿಯ ಕೇಬಲ್ ಎಲ್ಲಿ ಉಳಿಯುತ್ತದೆ? 2019ರಲ್ಲಿ ಕೊಂಡಂಗೇರಿ, ಕರಡಿಗೋಡು ಕಡೆ ಕಾವೇರಿ ನೀರು ಮನೆಗೇ ಬಂತು. ಹೊಳೆ ಬದಿಯವರು ಹಾಳೆಯಲ್ಲಿ ಇನ್ನೊಂದು ಸಾಲು ಸೇರಿಸಬೇಕು: ರೌಟರ್, ಬ್ಯಾಟರಿ ನೆಲದಿಂದ ಎಷ್ಟು ಎತ್ತರದಲ್ಲಿವೆ, ಆ ವರ್ಷದ ನೀರಿನ ಗುರುತು ಗೋಡೆಯಲ್ಲಿ ಎಲ್ಲಿದೆ.

ಎರಡು ಸಿಮ್ ಇಟ್ಟವರಿಗೂ ಒಂದು ಮಾತು. ಕಂಪನಿ ಎರಡಾದರೂ ಟವರ್ ಒಂದೇ ಇರಬಹುದು. ಒಂದೇ ಟವರಿಗೆ ಎರಡು ಮೂರು ಕಂಪನಿಯವರು ಆಂಟೆನಾ ಕಟ್ಟುವುದು ಮಾಮೂಲಿ. ಆ ಟವರ್‌ನ ಬ್ಯಾಟರಿ ಮುಗಿದರೆ ಎರಡೂ ಸಿಮ್ ಸುಮ್ನೆ. ಮನೆ ಹಿಂದಿನ ಎತ್ತರದ ಜಾಗಕ್ಕೆ ಹೋಗಿ, ಯಾವ ಸಿಮ್‌ಗೆ ಸಿಗ್ನಲ್ ಯಾವ ದಿಕ್ಕಿನಿಂದ ಬರುತ್ತದೆ ನೋಡಿ. ಟವರ್ ಗುರುತು ತೋರಿಸುವ ಉಚಿತ ಆ್ಯಪ್‌ಗಳಿವೆ. ಎರಡು ಸಿಮ್ ಎರಡು ಬೇರೆ ಗುಡ್ಡದಿಂದ ಸಿಗ್ನಲ್ ಹಿಡಿದರೆ ಮಾತ್ರ ಎರಡು ಅಂತ ಲೆಕ್ಕ.

ಒಂದು ಸಣ್ಣ ಲೆಕ್ಕ, ಅದು ಎಲ್ಲಿ ಸುಳ್ಳಾಗುತ್ತದೆ

ಒಂದು ಲೈನ್ ವರ್ಷದಲ್ಲಿ ನೂರಕ್ಕೆ 99 ಹೊತ್ತು ಕೆಲಸ ಮಾಡುತ್ತದೆ ಅಂದರೆ ಕೇಳಲು ಚೆನ್ನಾಗಿದೆ. ಆದರೆ ವರ್ಷಕ್ಕೆ ಮೂರೂವರೆ ದಿನಕ್ಕಿಂತ ಜಾಸ್ತಿ ಅದು ಇಲ್ಲ ಅಂತಾಯಿತು. ಅಂಥವು ಎರಡು ಇದ್ದು, ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ, ಎರಡೂ ಒಟ್ಟಿಗೆ ಇಲ್ಲದಿರುವುದು ಹತ್ತು ಸಾವಿರದಲ್ಲಿ ಒಂದು ಪಾಲು. ವರ್ಷಕ್ಕೆ 53 ನಿಮಿಷ. ಪುಸ್ತಕದ ಲೆಕ್ಕ ಇಷ್ಟು.

ಆದರೆ ನಮ್ಮಲ್ಲಿ ಆ ಮೂರೂವರೆ ದಿನ ವರ್ಷಪೂರ್ತಿ ಹರಡಿಕೊಂಡು ಬರುತ್ತದಾ? ಎಲ್ಲ ಲೈನಿಗೂ ಅದು ಜುಲೈ–ಆಗಸ್ಟ್‌ನ ಒಂದೇ ವಾರದಲ್ಲಿ, ಅದೇ ಗಾಳಿಗೆ ಬರುತ್ತದೆ. ಗುಣಾಕಾರ ಅಲ್ಲಿಗೆ ಕೆಟ್ಟಿತು. ಅದಕ್ಕೇ ಎರಡು ಫೈಬರ್‌ಗಿಂತ ಒಂದು ಫೈಬರ್ ಮತ್ತು ಗಾಳಿಯಲ್ಲಿ ಬರುವ ಒಂದು ಲೈನ್ ಎಷ್ಟೋ ವಾಸಿ. ಮರ ಬಿದ್ದರೆ ಫೈಬರ್ ಹೋಗಬಹುದು, 4ಜಿ ಸಿಗ್ನಲ್‌ಗೆ ಆ ಮರದಿಂದ ಏನೂ ಆಗುವುದಿಲ್ಲ.

ಇನ್ನೊಂದು ಕಡೆಯಿಂದಲೂ ನೋಡಬೇಕು. ಎಷ್ಟು ಸಲ ಕೆಡುತ್ತದೆ ಅನ್ನುವುದು ಅರ್ಧ ಕತೆ. ಕೆಟ್ಟ ಮೇಲೆ ಸರಿಯಾಗಲು ಎಷ್ಟು ಹೊತ್ತು ಬೇಕು ಅನ್ನುವುದು ಉಳಿದರ್ಧ. ಬೆಂಗಳೂರಲ್ಲಿ ಅಡಾಪ್ಟರ್ ಸುಟ್ಟರೆ ಅರ್ಧ ಗಂಟೆ. ಇಲ್ಲಿ ಮಳೆಯಲ್ಲಿ ಮರ ಅಡ್ಡ ಬಿದ್ದಿದ್ದರೆ, ಇನ್ನೂರು ರೂಪಾಯಿಯ ಅದೇ ಅಡಾಪ್ಟರ್‌ಗೆ ಮೂರು ದಿನ. ಬಿಡಿ ಸಾಮಾನು ಮನೆಯಲ್ಲೇ ಇರಬೇಕು ಅಂತ ನಾನು ಹಠ ಹಿಡಿಯುವುದು ಇದಕ್ಕೇ. ಒಂದು 12 ವೋಲ್ಟ್ ಅಡಾಪ್ಟರ್, ಸೆಟ್ಟಿಂಗ್ ಎಲ್ಲ ಹಾಕಿಟ್ಟ ಒಂದು ಹಳೇ ರೌಟರ್, ಎರಡು ತುದಿಗೂ ಕನೆಕ್ಟರ್ ಇರುವ ಒಂದು ಫೈಬರ್ ತುಂಡು, ನಾಲ್ಕು ಫ್ಯೂಸು, ಒತ್ತಿ ತಯಾರಿಟ್ಟ ಎರಡು ನೆಟ್‌ವರ್ಕ್ ಕೇಬಲ್. ಒಂದು ಬಿಸ್ಕತ್ ಡಬ್ಬದಲ್ಲಿ ಎಲ್ಲ ಹಿಡಿಯುತ್ತದೆ.

ಯಾವುದು ಹೋಗಲೇಬಾರದು, ಅದನ್ನು ಮಾತ್ರ ಆರಿಸಿ

ಎಲ್ಲವನ್ನೂ ಉಳಿಸಲು ಹೊರಟರೆ ಯಾವುದೂ ಉಳಿಯುವುದಿಲ್ಲ. ನನ್ನ ಕ್ರಮ ಹೀಗೆ. ಮೊದಲು ಫೋನ್ ಮಾತು ಮತ್ತು ಮೆಸೇಜ್. ಆಮೇಲೆ ದುಡ್ಡಿನ ಕೆಲಸ: ಯುಪಿಐ, ಬುಕಿಂಗ್. ಸಿಸಿಟಿವಿ ಆಮೇಲೆ. ಅತಿಥಿಗಳ ಸಿನಿಮಾ ಕೊನೆಗೆ, ಅದು ಹೋದರೆ ಹೋಗಲಿ. ಕರೆಂಟ್ ಇಲ್ಲದಾಗ ಬ್ಯಾಟರಿಯಲ್ಲಿ ಬದುಕಬೇಕಾದದ್ದು ಮೊದಲ ಎರಡು ಮಾತ್ರ.

ಕರೆಂಟ್: ಮುಕ್ಕಾಲು ಪಾಲು ತೊಂದರೆ ಇಲ್ಲೇ

ಜನ ಫೈಬರ್ ಕಂಪನಿಗೆ ಬೈಯುತ್ತಾರೆ. ನಾನು ನೋಡಿದ ಮಟ್ಟಿಗೆ ಜಾಸ್ತಿ ಸಲ ಸಾಯುವುದು ಲೈನ್ ಅಲ್ಲ, ಮನೆಯೊಳಗಿನ ಅಡಾಪ್ಟರ್‌ಗೆ ಬರುವ ಕರೆಂಟ್. ಟಿಸಿಯಲ್ಲಿ (ಊರಿನ ಟ್ರಾನ್ಸ್‌ಫಾರ್ಮರ್) ಡಿಒ (ಅದರ ಫ್ಯೂಸ್) ಹೋಯಿತು ಅಂದರೆ ಆ ದಿನದ ಮಟ್ಟಿಗೆ ಕತ್ತಲೆ. ಮಳೆಗಾಲದಲ್ಲಿ ಎರಡು ಮೂರು ದಿನವೂ ಆಗುತ್ತದೆ.

ಲೆಕ್ಕ ಮಾಡೋಣ. ಫೈಬರ್ ಮೋಡೆಮ್, ರೌಟರ್, 4ಜಿ ಡಬ್ಬ ಮೂರೂ ಸೇರಿ ಸುಮಾರು 20 ವ್ಯಾಟ್. ಮನೆಯ ಇನ್ವರ್ಟರ್ ಬ್ಯಾಟರಿ 12 ವೋಲ್ಟ್, 150 ಆಂಪಿಯರ್-ಅವರ್ ಅಂದುಕೊಳ್ಳಿ. ಹೆಸರಿಗೆ 1800 ವ್ಯಾಟ್-ಅವರ್. ಲೆಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಷ್ಯ ಕಮ್ಮಿಯಾಗುತ್ತದೆ. ಹಾಗಾಗಿ ಕೈಗೆ ಸಿಗುವುದು 900. ಅದನ್ನು 20ರಿಂದ ಭಾಗಿಸಿದರೆ 45 ಗಂಟೆ. ಸುಮಾರು ಎರಡು ದಿನ, ಒಳ್ಳೇದೇ ಅಲ್ವಾ?

ಆದರೆ ಇನ್ವರ್ಟರ್ ಮೂಲಕ ತೆಗೆದರೆ ಅಷ್ಟು ಸಿಗುವುದಿಲ್ಲ. ಇನ್ವರ್ಟರ್ ಸುಮ್ನೆ ಆನ್ ಇರುವುದಕ್ಕೇ ಹತ್ತಿಪ್ಪತ್ತು ವ್ಯಾಟ್ ತಿನ್ನುತ್ತದೆ. 12 ವೋಲ್ಟನ್ನು 230 ಮಾಡಿ, ಅದನ್ನು ಅಡಾಪ್ಟರ್‌ನಲ್ಲಿ ಮತ್ತೆ 12 ಮಾಡುತ್ತೇವೆ. ಮಡಿಕೇರಿಯಿಂದ ಕುಶಾಲನಗರಕ್ಕೆ ಹೋಗಲು ಮೈಸೂರು ಸುತ್ತಿದ ಹಾಗೆ. 45 ಗಂಟೆ ಅರ್ಧಕ್ಕೆ ಇಳಿಯುತ್ತದೆ. ಅದರ ಮೇಲೆ ಅದೇ ಇನ್ವರ್ಟರ್‌ನಲ್ಲಿ ಮನೆ ಲೈಟು, ಫ್ಯಾನು, ಟಿವಿ ಬೇರೆ.

ಇದಕ್ಕೆ ದಾರಿ, ಬ್ಯಾಟರಿಯಿಂದ ನೇರ 12 ವೋಲ್ಟ್ ಎಳೆಯುವುದು. ಬ್ಯಾಟರಿಯ ಪ್ಲಸ್ ಕಂಬದ ಪಕ್ಕದಲ್ಲೇ 5 ಆಂಪಿಯರ್ ಫ್ಯೂಸ್ ಹಾಕಿ. ಒಂದು ಮೊಳ ವೈರ್ ಆದ ಮೇಲೆ ಅಲ್ಲ, ಪಕ್ಕದಲ್ಲೇ. ಆಮೇಲೆ ಏರಿಳಿತವನ್ನು 12ಕ್ಕೆ ಹಿಡಿದಿಡುವ ಒಂದು ಡಿಸಿ ಕನ್ವರ್ಟರ್, ಯಾಕೆಂದರೆ ಚಾರ್ಜ್ ಆಗುವಾಗ ಬ್ಯಾಟರಿ 14 ವೋಲ್ಟ್ ದಾಟುತ್ತದೆ. ಕೆಲವು ರೌಟರ್ ತಡೆಯುತ್ತವೆ, ಕೆಲವು ತಡೆಯುವುದಿಲ್ಲ. ಬ್ಯಾಟರಿ ಅರ್ಧ ಮುಗಿದು ವೋಲ್ಟ್ 12ರ ಹತ್ತಿರ ಇಳಿದಾಗ ತಾನಾಗಿ ಕಡಿದುಹಾಕುವ ಸಣ್ಣ ಬೋರ್ಡ್ ಸಿಗುತ್ತದೆ, ಅದನ್ನೂ ಹಾಕಿ. ಆದರೆ ಇದಕ್ಕೆ ಬ್ಯಾಟರಿ ಬೇರೆಯೇ ಇದ್ದರೆ ಒಳ್ಳೇದು. ಟಿವಿ ನೋಡಿ ಮುಗಿಸಿದ ಬ್ಯಾಟರಿಯಿಂದ ಫೋನ್ ಉಳಿಸಲು ಆಗುವುದಿಲ್ಲ.

ಇಲ್ಲಿ ಹಳೇ ಟೆಲಿಫೋನಿನವರನ್ನು ನೆನೆಸಬೇಕು. ತಾಮ್ರದ ಲೈನಿನ ಫೋನ್ ಮನೆಯಲ್ಲಿ ಕರೆಂಟ್ ಇಲ್ಲದಿದ್ದರೂ ರಿಂಗ್ ಆಗುತ್ತಿತ್ತು. ಎಕ್ಸ್‌ಚೇಂಜ್‌ನ ಬ್ಯಾಟರಿಯಿಂದ 48 ವೋಲ್ಟ್ ಆ ತಂತಿಯಲ್ಲೇ ಬರುತ್ತಿತ್ತು. ನಮ್ಮ ರಾಜ್ಯದ್ದೇ ಇನ್ನೊಂದು ಕತೆ ಇದೆ. ಕೇಂದ್ರ ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್‌ನವರು ಹಳ್ಳಿಗಾಗಿ ಮಾಡಿದ 128 ಲೈನಿನ ಮೊದಲ ಎಕ್ಸ್‌ಚೇಂಜ್ ಶುರುವಾದದ್ದು 1986ರಲ್ಲಿ, ಕಿತ್ತೂರಿನಲ್ಲಿ. ಅದರ ಹೆಚ್ಚುಗಾರಿಕೆ ಏನು ಗೊತ್ತಾ? ಅದಕ್ಕೆ ಎಸಿ ಕೋಣೆ ಬೇಡ. ಹಳ್ಳಿಯಲ್ಲಿ ಎಸಿಗೆ ಎರಡನೇ ಎಸಿ ಇಡುವ ಬದಲು, ಎಸಿಯೇ ಬೇಡದ ಯಂತ್ರ ಮಾಡಿದರು. ಇನ್ವರ್ಟರ್ ಬಿಟ್ಟು ನೇರ 12 ವೋಲ್ಟ್ ಕೊಡಿ ಅನ್ನುವುದು ಅದೇ ಬುದ್ಧಿ. ಒಂದಕ್ಕೆ ಜೋಡಿ ಇಡುವ ಮೊದಲು, ಅದನ್ನೇ ಬಿಟ್ಟುಬಿಡಬಹುದಾ ಅಂತ ಕೇಳಿಕೊಳ್ಳಿ.

ಬ್ಯಾಟರಿ ಒಂದು ದಾರಿ, ಗೋಡೆ ಸಾಕೆಟ್‌ನ ಅಡಾಪ್ಟರ್ ಇನ್ನೊಂದು ದಾರಿ. ಎರಡನ್ನೂ ಒಂದೇ ರೌಟರ್‌ಗೆ ಸೇರಿಸಬೇಕು, ಆದರೆ ಒಂದರ ಕರೆಂಟ್ ಇನ್ನೊಂದರೊಳಗೆ ನುಗ್ಗಬಾರದು. ಪ್ರತಿ ದಾರಿಯ ಪ್ಲಸ್‌ನಲ್ಲಿ ಒಂದೊಂದು ಡಯೋಡ್ (ಕರೆಂಟನ್ನು ಒಂದೇ ಕಡೆಗೆ ಬಿಡುವ ಸಣ್ಣ ಬಿಡಿಭಾಗ) ಹಾಕಿ, ಎರಡರ ಗೆರೆ ಇರುವ ತುದಿಯನ್ನು ಒಟ್ಟಿಗೆ ಸೇರಿಸಿ ರೌಟರ್ ಕಡೆಗೆ ಕೊಟ್ಟರೆ ಆಯಿತು. ಮೈನಸ್ ಎರಡಕ್ಕೂ ಒಂದೇ. ಯಾವುದರ ವೋಲ್ಟ್ ಜಾಸ್ತಿಯೋ ಅದು ಭಾರ ಹೊರುತ್ತದೆ. ಅದು ಹೋದ ಕ್ಷಣ ಇನ್ನೊಂದು ಹೊರುತ್ತದೆ, ರೌಟರ್‌ಗೆ ಗೊತ್ತೂ ಆಗುವುದಿಲ್ಲ. ಶಾಟ್ಕಿ ಜಾತಿಯ ಡಯೋಡ್ ತನ್ನಿ, ಅರ್ಧ ವೋಲ್ಟಿನೊಳಗೇ ನಷ್ಟ ಮುಗಿಯುತ್ತದೆ. 20 ವ್ಯಾಟ್‌ಗೆ 1ಎನ್5822 ಸಾಕು, 3 ಆಂಪಿಯರ್ ತಡೆಯುತ್ತದೆ.

ಈಗ ನಾನು ಹಲವು ಕಡೆ ನೋಡಿದ ತಪ್ಪು. ರೌಟರ್‌ಗೆ ಗೊತ್ತಾಗುವುದಿಲ್ಲ ಅಂದೆನಲ್ಲ, ನಿಮಗೂ ಗೊತ್ತಾಗುವುದಿಲ್ಲ. ಅಡಾಪ್ಟರ್ ಮೇ ತಿಂಗಳಲ್ಲೇ ಸತ್ತಿರುತ್ತದೆ, ಬ್ಯಾಟರಿ ಎಳೆದುಕೊಂಡು ಹೋಗುತ್ತಿರುತ್ತದೆ, ಎಲ್ಲ ದೀಪವೂ ಹಸಿರು. ಜುಲೈನಲ್ಲಿ ಬ್ಯಾಟರಿಯೂ ಮುಗಿದಾಗಲೇ ನಿಮಗೆ ಸುದ್ದಿ. ಅದಕ್ಕೆ ಪ್ರತಿ ಡಯೋಡ್‌ನ ಮುಂಚೆ, ಅಂದರೆ ಬರುವ ಕಡೆಯಲ್ಲಿ, ಒಂದೊಂದು ಎಲ್‌ಇಡಿ ಹಾಕಿ, ಜೊತೆಗೆ 1 ಕಿಲೋ ಓಮ್ ರೆಸಿಸ್ಟರ್. ಡಯೋಡ್ ದಾಟಿದ ಮೇಲೆ ಹಾಕಿದರೆ ಯಾವುದು ಬದುಕಿದೆ ಅಂತ ಅದು ಹೇಳುವುದಿಲ್ಲ. ಎರಡು ದೀಪ ಉರಿದರೆ ಸರಿ. ಒಂದೇ ಉರಿದರೆ ಇವತ್ತೇ ರಿಪೇರಿ.

ಸೋಲಾರ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಜನವರಿಯಲ್ಲಿ ಭರ್ಜರಿ. ಜುಲೈನಲ್ಲಿ ಮೋಡ, ಮಂಜು, ಪ್ಯಾನಲ್ ಮೇಲೆ ಪಾಚಿ, ಜೊತೆಗೆ ಮರದ ನೆರಳು. ನಮಗೆ ಬೇಕಾದ ತಿಂಗಳಲ್ಲೇ ಅದು ಕೈಕೊಡುತ್ತದೆ. ಇರಲಿ, ಆದರೆ ಲೆಕ್ಕಕ್ಕೆ ಹಿಡಿಯಬೇಡಿ. ಮಳೆಗಾಲಕ್ಕೆ ಪಲ್ಪರ್ ಮನೆಯ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಜಾಗ) ಜನರೇಟರನ್ನು ದಿನಕ್ಕೆರಡು ಗಂಟೆ ಓಡಿಸಿ ಬ್ಯಾಟರಿ ತುಂಬಿಸುವುದೇ ನಂಬುವಂಥದ್ದು.

ಎರಡನೇ ದಾರಿ

ಸಾಮಾನ್ಯ ಮನೆಗೆ ಫೈಬರ್ ಜೊತೆ 4ಜಿ ಸಾಕು. ಹೊರಗೆ ಆಂಟೆನಾ ಇಡುವಂಥ ಡಬ್ಬ ತನ್ನಿ. ಸಿಗ್ನಲ್ ಚೆನ್ನಾಗಿ ಸಿಗುವ ಜಾಗ ಮನೆಯ ಎತ್ತರದ ಮೂಲೆಯೋ ನೀರಿನ ಟ್ಯಾಂಕೋ ಇರಬಹುದು. ಅಲ್ಲಿಂದ ನೆಟ್‌ವರ್ಕ್ ಕೇಬಲ್ ತರಲು 100 ಮೀಟರ್ ಮಿತಿ.

ಪಕ್ಕದ ಗುಡ್ಡದಲ್ಲಿ ನೆಂಟರ ಮನೆ ಇದ್ದು, ಅವರಿಗೆ ಬೇರೆ ರಸ್ತೆಯಿಂದ ಫೈಬರ್ ಬಂದಿದ್ದರೆ ಇನ್ನೂ ಚೆಂದದ ಉಪಾಯ ಇದೆ. ಎರಡು ಮನೆ ನಡುವೆ 5 ಗಿಗಾಹರ್ಟ್ಸ್ ರೇಡಿಯೋ ಲಿಂಕ್. ಈ ಬ್ಯಾಂಡ್‌ಗೆ 2018ರಿಂದ ನಮ್ಮಲ್ಲಿ ನಿಗದಿತ ಪವರ್ ಒಳಗೆ ಲೈಸೆನ್ಸ್ ಬೇಡ. ನಿಮ್ಮದು ಹೋದರೆ ಅವರದ್ದು, ಅವರದ್ದು ಹೋದರೆ ನಿಮ್ಮದು. ಜನ ಮಳೆಗೆ ಹೆದರುತ್ತಾರೆ. 5 ಗಿಗಾಹರ್ಟ್ಸ್‌ಗೆ ಎರಡು ಮೂರು ಕಿಲೋಮೀಟರ್ ದೂರದಲ್ಲಿ ಮಳೆ ಲೆಕ್ಕಕ್ಕೇ ಇಲ್ಲ, ಮಳೆ ಕಾಡುವುದು 10 ಗಿಗಾಹರ್ಟ್ಸ್ ದಾಟಿದ ಮೇಲೆ. ಹೆದರಬೇಕಾದದ್ದು ಒದ್ದೆ ಎಲೆಗೆ. ಎದುರಿನ ಆಂಟೆನಾ ಕಣ್ಣಿಗೆ ಕಂಡರೆ ಸಾಲದು. ಎರಡು ಕಿಲೋಮೀಟರ್ ಲಿಂಕ್‌ಗೆ ನಡುವೆ ಆ ನೇರ ಗೆರೆಯಿಂದ ಸುತ್ತಲೂ 5 ಮೀಟರ್‌ವರೆಗೆ ಹರಡಿದ ಕೊಳವೆ ಇದೆ ಅಂದುಕೊಳ್ಳಿ. ಅದರಲ್ಲಿ ಕಡಿಮೆ ಅಂದರೂ 3 ಮೀಟರ್ ಸುತ್ತಲೂ ಖಾಲಿ ಇರಬೇಕು. ಮರಕಪಾತು (ನೆರಳು ಮರದ ಕೊಂಬೆ ಕಡಿಯುವುದು) ಆದ ಮೇಲೆ ಲಿಂಕ್ ಹಾಕಿದರೆ ಎಲ್ಲ ಬಯಲು. ಎರಡು ವರ್ಷದಲ್ಲಿ ಸಿಲ್ವರ್ ತುದಿ ಆ ಕೊಳವೆಗೆ ಬಂದು ನಿಲ್ಲುತ್ತದೆ. ಕಪಾತಿನವರಿಗೆ ಆ ಮರ ಯಾವುದು ಅಂತ ಬಣ್ಣ ಹಚ್ಚಿ ತೋರಿಸಿಡಿ.

ಬದಲಾಯಿಸುವವರು ಯಾರು?

ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಮನೆಗೆ ಆಟೋಮ್ಯಾಟಿಕ್ ಬೇಡ. ಫೈಬರ್‌ಗೆ ಒಂದು ವೈಫೈ ಹೆಸರು, 4ಜಿಗೆ ಇನ್ನೊಂದು ಹೆಸರು, ಎರಡಕ್ಕೂ ಬೇರೆ ಬೇರೆ ಬ್ಯಾಟರಿ. ಒಂದು ಹೋದರೆ ಫೋನಿನಲ್ಲಿ ಇನ್ನೊಂದನ್ನು ಒತ್ತಿದರಾಯಿತು. ಎರಡು ಲೈನನ್ನು ಒಂದು ಡಬ್ಬಕ್ಕೆ ತಂದು ಸೇರಿಸಿದ ಕೂಡಲೇ, ಆ ಡಬ್ಬ ಹೋದರೆ ಎರಡೂ ಹೋದ ಹಾಗೆ. ಹೊಸ ಒಂಟಿ ಕಂಬ ನೆಟ್ಟಂತಾಯಿತು.

ಹೋಂಸ್ಟೇ, ಆಫೀಸು, ಬಿಲ್ಲಿಂಗ್ ಇರುವ ಕಡೆ ತಾನಾಗಿ ಬದಲಾಗಬೇಕು, ಸರಿ. ಆಗ ಎರಡು ಇಂಟರ್ನೆಟ್ ತೆಗೆದುಕೊಳ್ಳುವ ರೌಟರ್ ಬೇಕು. ಮೈಕ್ರೋಟಿಕ್ ಕಂಪನಿಯದ್ದು ಆಗಬಹುದು, ಓಪನ್‌ಡಬ್ಲ್ಯುಆರ್‌ಟಿ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿದ ಹಳೇ ರೌಟರೂ ಆಗಬಹುದು. ಗಮನ ಕೊಡಬೇಕಾದದ್ದು ಇಷ್ಟು. ಲೈನ್ ಬದುಕಿದೆಯಾ ಅಂತ ಅದು ಹೇಗೆ ತಿಳಿಯುತ್ತದೆ? ಕೇಬಲ್ ಸಿಕ್ಕಿಸಿದ್ದರೆ ಬದುಕಿದೆ ಅಂದುಕೊಳ್ಳುವ ರೌಟರ್ ಪ್ರಯೋಜನ ಇಲ್ಲ. ಪಕ್ಕದ ಮೋಡೆಮ್ ಉತ್ತರ ಕೊಡುತ್ತಲೇ ಇರುತ್ತದೆ, ಆಚೆ ಕಂಬ ಬಿದ್ದಿರುತ್ತದೆ. ದೂರದ ಎರಡು ಬೇರೆ ಬೇರೆ ವಿಳಾಸ ಕೇಳಿಸಿ, 8.8.8.8 ಮತ್ತು 1.1.1.1 ಇದ್ದರಾಯಿತು. ಎರಡೂ ಸತತ ಐದು ಸಲ ಉತ್ತರ ಕೊಡದಿದ್ದರೆ ಮಾತ್ರ ಬದಲಾಯಿಸಲಿ. ಹೋಗುವುದು ಬೇಗ, ವಾಪಸ್ ಬರುವುದು ನಿಧಾನ: ಫೈಬರ್ ಬಂದು ಐದು ನಿಮಿಷ ನಿಂತ ಮೇಲೆ ವಾಪಸ್. ಇಲ್ಲದಿದ್ದರೆ ಗಾಳಿಗೆ ಲೈನ್ ಬಂದು ಹೋಗುವಾಗ ರೌಟರ್ ಆಚೆ ಈಚೆ ಓಡಾಡಿ, ಇದ್ದ ನೆಟ್ಟೂ ಕೆಟ್ಟಿತು ಅಂತಾಗುತ್ತದೆ.

ಡಿಎನ್‌ಎಸ್, ಅಂದರೆ ವೆಬ್‌ಸೈಟಿನ ಹೆಸರಿಗೆ ನಂಬರ್ ವಿಳಾಸ ಹುಡುಕಿಕೊಡುವ ಸರ್ವರ್, ಅದನ್ನೂ ನೋಡಿ. ಫೈಬರ್ ಕಂಪನಿಯ ಡಿಎನ್‌ಎಸ್ ಆ ಕಂಪನಿಯ ಲೈನಿನೊಳಗೆ ಮಾತ್ರ ಉತ್ತರ ಕೊಡುವುದುಂಟು. 4ಜಿಗೆ ಬದಲಾದ ಮೇಲೂ ರೌಟರ್ ಅದನ್ನೇ ಕೇಳುತ್ತಾ ಕೂತರೆ, ಲೈನ್ ಇದ್ದೂ ಒಂದು ಪುಟವೂ ತೆರೆಯುವುದಿಲ್ಲ. ಎಲ್ಲಿಂದಲೂ ಸಿಗುವ ಡಿಎನ್‌ಎಸ್ ವಿಳಾಸ ಹಾಕಿಬಿಡಿ.

ರೌಟರ್ ಹ್ಯಾಂಗ್ ಆದರೆ ಎಬ್ಬಿಸುವುದಕ್ಕೆ ವಾಚ್‌ಡಾಗ್ ಅನ್ನುವ ಸಣ್ಣ ಬೋರ್ಡ್ ಸಿಗುತ್ತದೆ. ನೆಟ್ ಇಲ್ಲ ಅಂತ ಕಂಡರೆ ಕರೆಂಟ್ ಕಡಿದು ಮತ್ತೆ ಕೊಡುತ್ತದೆ. ಅದರ ರಿಲೇಯಲ್ಲಿ (ಕರೆಂಟಿನಿಂದ ನಡೆಯುವ ಸ್ವಿಚ್) ಮೂರು ತಿರುಪು ಇರುತ್ತವೆ. ರೌಟರ್‌ನ ಪ್ಲಸ್ ವೈರ್ ಕತ್ತರಿಸಿ, ಅದರ ಎರಡು ತುದಿಯನ್ನು ಕಾಮನ್ ಮತ್ತು ಎನ್‌ಸಿ ತಿರುಪಿಗೆ ಹಾಕಿ, ಎನ್‌ಒಗೆ ಬೇಡ. ಎನ್‌ಸಿ ಅಂದರೆ ರಿಲೇ ಸುಮ್ಮನಿರುವಾಗ ಸೇರಿಕೊಂಡೇ ಇರುವುದು. ಆಗ ವಾಚ್‌ಡಾಗೇ ಸುಟ್ಟುಹೋದರೂ ರೌಟರ್ ನಡೆಯುತ್ತದೆ. ಎನ್‌ಒ ಇದರ ಉಲ್ಟಾ; ಅದಕ್ಕೆ ಹಾಕಿದರೆ, ಕಾಯಲು ಇಟ್ಟ ನಾಯಿ ಸತ್ತದ್ದಕ್ಕೆ ಮನೆ ಬಾಗಿಲೇ ಮುಚ್ಚಿಹೋಗುತ್ತದೆ.

ಸಿಡಿಲು, ನೀರು, ಹಲ್ಲಿ

ನಮ್ಮಲ್ಲಿ ಸಿಡಿಲಿನ ಕಾಟ ನಡುಮಳೆಗಾಲದಲ್ಲಿ ಕಮ್ಮಿ. ಕಾಫಿ ಹೂ ಅರಳಿಸುವ ಹೂಮಳೆಯಿಂದ ಮೇ ಕೊನೆವರೆಗೆ, ಆಮೇಲೆ ಅಕ್ಟೋಬರ್‌ನಲ್ಲಿ ಜಾಸ್ತಿ. ಫೈಬರ್ ಗಾಜು, ಅದರಲ್ಲಿ ಸಿಡಿಲು ಬರುವುದಿಲ್ಲ. ಆದರೆ ಮನೆಗೆ ಎಳೆಯುವ ಫೈಬರ್ ವೈರಿನ ಜೊತೆ ಒಂದು ಉಕ್ಕಿನ ತಂತಿ ಅಂಟಿಕೊಂಡಿರುತ್ತದೆ, ನೋಡಿದ್ದೀರಾ? ಅದನ್ನು ಹೊರಗೋಡೆಯ ಕೊಕ್ಕೆಯಲ್ಲೇ ಬಿಡಿಸಿ ಕತ್ತರಿಸಬೇಕು. ಒಳಗೆ ಬರಬೇಕಾದದ್ದು ಗಾಜಿನ ಎಳೆ ಮಾತ್ರ.

ಟ್ಯಾಂಕ್ ಮೇಲಿನ ಆಂಟೆನಾದಿಂದ ಬರುವ ತಾಮ್ರದ ಕೇಬಲ್ ಇನ್ನೂ ಅಪಾಯ. ಸಿಡಿಲಿನ ಪೆಟ್ಟನ್ನು ನೆಲಕ್ಕೆ ಇಳಿಸುವ ಸರ್ಜ್ ಅರೆಸ್ಟರ್ ಹಾಕಿ ಒಳ್ಳೇ ಅರ್ತಿಂಗ್ ಕೊಡಬಹುದು. ಅರೆಸ್ಟರ್ ಪ್ರತಿ ಪೆಟ್ಟಿಗೂ ಸ್ವಲ್ಪ ಸವೆಯುತ್ತದೆ, ಬಣ್ಣ ತೋರಿಸುವ ಕಿಟಕಿ ಇರುವಂಥದ್ದಾದರೆ, ಅದು ಹಸಿರಿನಿಂದ ಕೆಂಪಾದಾಗ ಬದಲಾಯಿಸಿ. ಬೆಲೆಬಾಳುವ ಸಾಮಾನು ಇರುವ ಕಡೆ ನಾನು ಮಾಡುವುದು ಇನ್ನೊಂದು. ದಾರಿಯ ನಡುವೆ ಎರಡು ಮೀಡಿಯಾ ಕನ್ವರ್ಟರ್ (ತಾಮ್ರದ ಸಿಗ್ನಲನ್ನು ಬೆಳಕಾಗಿ, ಬೆಳಕನ್ನು ಮತ್ತೆ ತಾಮ್ರಕ್ಕೆ ಬದಲಿಸುವ ಡಬ್ಬ) ಇಟ್ಟು, ಹತ್ತು ಮೀಟರ್ ಫೈಬರ್ ತುಂಡಿನಿಂದ ಸೇರಿಸುತ್ತೇನೆ. ತಾಮ್ರ ಅಲ್ಲಿಗೆ ಮುಗಿಯಿತು, ಆಮೇಲೆ ಗಾಜು. ಹೊರಗಿನ ಕಡೆಗೆ ಅದರದ್ದೇ ಸಣ್ಣ ಬ್ಯಾಟರಿ ಇರಬೇಕು. ಕರೆಂಟ್ ವೈರ್ ಮನೆಯಿಂದಲೇ ಎಳೆದರೆ ಸಿಡಿಲು ಆ ದಾರಿ ಹಿಡಿಯುತ್ತದೆ.

ನೀರಿಗೆ ಒಂದೇ ಉಪಾಯ: ಡಬ್ಬಕ್ಕೆ ಹೋಗುವ ಮೊದಲು ಕೇಬಲ್ ಕೆಳಗೆ ಬಳುಕಿ ಮೇಲೆ ಹತ್ತಬೇಕು. ನೀರು ಆ ಬಳುಕಿನ ತಳದಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ತೂತು ಯಾವಾಗಲೂ ಡಬ್ಬದ ಅಡಿಗೆ. ಪೂರ್ತಿ ಮುಚ್ಚಿದ ಡಬ್ಬ ಒಳಗೇ ಬೆವರುತ್ತದೆ, ಅಡಿಯಲ್ಲಿ ಒಂದು ಸಣ್ಣ ತೂತು, ಅದಕ್ಕೆ ಬಲೆ. ಬಲೆ ಮರೆತರೆ ಹಲ್ಲಿ, ಇರುವೆ ಬಂದು ಸಂಸಾರ ಹೂಡುತ್ತವೆ.

ಹೇಳದೆ ಕೆಡುವುದನ್ನು ಹಿಡಿಯುವುದು

ಅಮೆರಿಕದ ಬೆಲ್ ಕಂಪನಿಯವರು 1960ರ ದಶಕದಲ್ಲಿ ಕಂಪ್ಯೂಟರ್‌ನಿಂದ ನಡೆಯುವ ಎಕ್ಸ್‌ಚೇಂಜ್ ಮಾಡುವಾಗ, 40 ವರ್ಷದಲ್ಲಿ ಒಟ್ಟು 2 ಗಂಟೆ ಮಾತ್ರ ನಿಲ್ಲಬೇಕು ಅಂತ ಗುರಿ ಇಟ್ಟುಕೊಂಡಿದ್ದರು. ಎರಡು ಪ್ರೊಸೆಸರ್, ಎರಡೂ ಒಂದೇ ಕೆಲಸ ಮಾಡುತ್ತಾ ಉತ್ತರ ತಾಳೆ ನೋಡುತ್ತಿದ್ದವು. ಎರಡನೆಯದು ಸುಮ್ನೆ ಮೂಲೆಯಲ್ಲಿ ಕೂತು ತುಕ್ಕು ಹಿಡಿಯುತ್ತಿರಲಿಲ್ಲ.

ನಮ್ಮ ಮಟ್ಟಕ್ಕೆ ಅಷ್ಟು ಬೇಡ. 4ಜಿ ಲೈನನ್ನು ದಿನವೂ ಸ್ವಲ್ಪ ಕೆಲಸಕ್ಕೆ ಹಚ್ಚಿ. ಕಾರ್ಡ್ ಮೆಶಿನ್ನೋ ಆಫೀಸಿನ ಒಂದು ಕಂಪ್ಯೂಟರೋ ಯಾವಾಗಲೂ ಅದರಲ್ಲೇ ಓಡಲಿ. ರೀಚಾರ್ಜ್ ಮುಗಿದ ದಿನವೇ ಗೊತ್ತಾಗುತ್ತದೆ. ಬ್ಯಾಕಪ್ ಸಿಮ್‌ಗೆ ರೀಚಾರ್ಜ್ ಇಲ್ಲದೆ ಕೈಕೊಟ್ಟದ್ದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ.

ಫೈಬರ್ ಮೋಡೆಮ್‌ನ ಸೆಟ್ಟಿಂಗ್ ಪುಟದಲ್ಲಿ ಬರುವ ಬೆಳಕಿನ ಅಳತೆ ಇರುತ್ತದೆ, ಡಿಬಿಎಂನಲ್ಲಿ. ಒಳ್ಳೇ ದಿನ ಅದನ್ನು ಬರೆದಿಡಿ. ಮೈನಸ್ 20ರ ಆಸುಪಾಸು ಇದ್ದದ್ದು ಮೈನಸ್ 26ಕ್ಕೆ ಇಳಿಯಿತು ಅಂದರೆ ಎಲ್ಲೋ ವೈರ್ ಬಾಗಿದೆ, ಇಲ್ಲವೇ ಜಾಯಿಂಟ್‌ಗೆ ನೀರು ಹೋಗಿದೆ. ಮೈನಸ್ 27 ದಾಟಿದರೆ ಕೆಂಪು ದೀಪ ದೂರ ಇಲ್ಲ. ಮಳೆ ಶುರುವಾಗುವ ಮೊದಲೇ ಲೈನ್‌ನವರನ್ನು ಕರೆಸಿದರೆ ಅವರೂ ಬರುತ್ತಾರೆ, ರಸ್ತೆಯೂ ಇರುತ್ತದೆ.

ಎಲ್ಲವೂ ಹೋದ ದಿನ

ಟವರ್ ಸತ್ತು ಫೈಬರ್ ಬದುಕಿದ್ದರೆ ವೈಫೈ ಕಾಲಿಂಗ್‌ನಲ್ಲಿ ಮಾಮೂಲಿ ನಂಬರಿನಿಂದಲೇ ಮಾತಾಡಬಹುದು. ಫೋನಿನಲ್ಲಿ ಈಗಲೇ ಅದನ್ನು ಆನ್ ಮಾಡಿಡಿ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಸಿಗ್ನಲ್ ಇದ್ದರೆ 112 ಹೋಗುತ್ತದೆ. ಜಿಲ್ಲೆಯ ವಿಪತ್ತು ಕಂಟ್ರೋಲ್ ರೂಮ್‌ಗೆ 1077. ನೆಟ್ ತೆವಳುವಾಗ ವಾಟ್ಸಾಪ್ ಬಿಟ್ಟು ಎಸ್ಸೆಮ್ಮೆಸ್ ಕಳಿಸಿ.

ಬಂಗಲೆ, ಲೈನ್ ಮನೆ (ತೋಟದ ಕೆಲಸದವರ ಮನೆಸಾಲು), ಕಣದ ನಡುವೆ ವಾಕಿಟಾಕಿ ಚೆನ್ನ. ಲೈಸೆನ್ಸ್ ಬೇಡದ್ದು 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಪವರಿನದ್ದು ಮಾತ್ರ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಜಾಸ್ತಿ ಪವರಿನದ್ದಕ್ಕೆ ಲೈಸೆನ್ಸ್ ಬೇಕು. ಆಸಕ್ತಿ ಇದ್ದರೆ ಹ್ಯಾಮ್ (ಹವ್ಯಾಸಿ ರೇಡಿಯೋ) ಪರೀಕ್ಷೆ ಬರೆಯಿರಿ, ಆದರೆ ತೋಟದ ವ್ಯವಹಾರಕ್ಕೆ ಅದನ್ನು ಬಳಸುವಂತಿಲ್ಲ. ಸ್ಯಾಟಲೈಟ್ ಫೋನ್ ಅನುಮತಿ ಇಲ್ಲದೆ ಇಟ್ಟುಕೊಂಡರೆ ಕೇಸ್ ಆಗುತ್ತದೆ. ಜೊತೆಗೆ ಸೆಲ್ ಹಾಕುವ ಒಂದು ರೇಡಿಯೋ ಇರಲಿ, ಮಡಿಕೇರಿ ಆಕಾಶವಾಣಿ ಕೇಳಲಿಕ್ಕೆ.

ವೈರ್ ಎಳೆದು ನೋಡುವ ದಿನ

ವರ್ಷಕ್ಕೆರಡು ಸಲ: ಮೇ ಮೂರನೇ ವಾರ, ಆಮೇಲೆ ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬ ಮುಗಿದ ಮೇಲೆ. ಮೈನ್ ಸ್ವಿಚ್ ಇಳಿಸಿ, ಒಂದು ಗಂಟೆ ಹಾಗೇ ಬಿಡಿ. ಆಮೇಲೆ ಫೈಬರ್ ಕಿತ್ತು ನೋಡಿ. ಬ್ಯಾಟರಿ ಫ್ಯೂಸ್ ತೆಗೆದು ನೋಡಿ. ಪ್ರತಿ ಸಲ ಒಂದೊಂದೇ. ನೀವು ಮಾಡಬೇಡಿ, ಮನೆಯವರಿಂದಲೋ ತೋಟದ ರೈಟರಿಂದಲೋ (ಲೆಕ್ಕ, ಆಳು ನೋಡಿಕೊಳ್ಳುವವರು) ಮಾಡಿಸಿ, ನೀವು ಪಕ್ಕದಲ್ಲಿ ಸುಮ್ಮನೆ ನಿಲ್ಲಿ. ನೀವು ಮೈಸೂರಿಗೆ ಹೋಗಿದ್ದಾಗಲೇ ಮರ ಬೀಳುವುದು. ಅವರು ಎಲ್ಲಿ ತಡವರಿಸಿದರೋ ಅದನ್ನು ಒಂದು ಕಾಗದದಲ್ಲಿ ಬರೆದು ಡಬ್ಬದ ಬಾಗಿಲ ಒಳಗೆ ಅಂಟಿಸಿ. ಪೆನ್ನಲ್ಲಿ ಬೇಡ, ಪೆನ್ಸಿಲ್‌ನಲ್ಲಿ ಬರೆಯಿರಿ. ಶಾಯಿ ನಮ್ಮ ತೇವಕ್ಕೆ ಹರಡಿಹೋಗುತ್ತದೆ.

ಆ ನಾಪೋಕ್ಲಿನ ಹೋಂಸ್ಟೇಯಲ್ಲಿ ಎರಡನೇ ಫೈಬರ್ ಬಿಡಿಸಿ, ಎದುರು ಗುಡ್ಡದ ಮನೆಗೆ ರೇಡಿಯೋ ಲಿಂಕ್ ಹಾಕಿದೆವು. ಮೇ ತಿಂಗಳ ಒಂದು ಭಾನುವಾರ ಮಾಲೀಕರ ಕೈಯಲ್ಲೇ ಮೈನ್ ಇಳಿಸಿ, ಫೈಬರ್ ಕೀಳಿಸಿದೆ. ನಲವತ್ತು ಸೆಕೆಂಡಿನಲ್ಲಿ ನೆಟ್ ವಾಪಸ್ ಬಂತು. ಅವರು ನನ್ನ ಮುಖ ನೋಡಿ ನಕ್ಕರು. ಅಷ್ಟರಲ್ಲಿ ಕೆಳಗಿನ ಕಾಟೇಜಿನಿಂದ ಹುಡುಗ ಓಡಿಬಂದ, "ಅಣ್ಣ, ಇಲ್ಲಿ ವೈಫೈ ಇಲ್ಲ!" ಅಂತ. ಅಲ್ಲಿನ ರಿಪೀಟರ್ (ವೈಫೈ ಸಿಗ್ನಲನ್ನು ಮುಂದಕ್ಕೆ ದಾಟಿಸುವ ಡಬ್ಬ) ಸುಮ್ನೆ ಗೋಡೆ ಸಾಕೆಟ್‌ಗೆ ಚುಚ್ಚಿತ್ತು. ಹಾಳೆಯಲ್ಲಿ ಅದನ್ನು ಬರೆದೇ ಇರಲಿಲ್ಲ. ಪೆನ್ಸಿಲ್ ತೆಗೆದು ಒಂದು ಸಾಲು ಸೇರಿಸಿದೆ.